ಬಿಡುವಾಗಿನ ಕಿಡಿ

ಟಿಬಿಲಿಸಿಯ ಹೊರವಲಯ. ಒಂಬತ್ತು ಮಹಡಿಯ ನೆತ್ತಿಗೆ
ಲಿಫ್ಟಿನ ಮೋಟರು ಕೋಣೆ;
ಕಿಟಕಿಗೆ ಪಾರಿವಾಳದ ಹಿಕ್ಕೆ, ನೆಲಕ್ಕೆ ಗ್ರೀಸು.
ಕೆಳಗೆ ಯಾರೋ ಡಬ್ಬಿಗೆ ಹತ್ತು ತೆತ್ರಿ ನಾಣ್ಯ ಹಾಕಿದರೆ
ಇಲ್ಲಿ ಕಬ್ಬಿಣದ ನಾಲಗೆಯೊಂದು ಲೊಚಗುಟ್ಟುತ್ತದೆ.

ಒಂಬತ್ತನೆಯದರಲ್ಲಿ ಇಯಾಮ್ಜೆ.
ನಾಟಕದವರಿಗೆ ಚೋಖಾ ನಿಲುವಂಗಿ ಹೊಲಿಯುತ್ತಾಳೆ
ರಾತ್ರಿಯಿಡೀ, ರೇಡಿಯೊ ಹಾಕಿಕೊಂಡು.
ಮೆಟ್ಟಿಲು ಹತ್ತಿ ಬಂದು ಸೊಂಟಕ್ಕೆ ಕೈಯಿಟ್ಟು ಅಂದಳು:
ಮೂರು ದನಿ ಒಟ್ಟಿಗೆ ಹಾಡುತ್ತವೆ,
ಮೂರನೆಯದು ತಳಕ್ಕೆ ಇಳಿಯುವ ಹೊತ್ತಿಗೇ
ನಿಮ್ಮ ಲಿಫ್ಟು ಕಟ್ ಅಂತ ಕಚ್ಚುತ್ತದೆ.
ನಾನೂ ಹಲ್ಲಲ್ಲೇ ದಾರ ಕಡಿಯುವವಳು, ಹುಡುಗಿ,
ಆದರೆ ಹೊಲಿಗೆ ಮುಗಿದ ಮೇಲೆ.

ಪೆಟ್ಟಿಗೆ ತೆರೆದೆ. ದೀಪ ಆರಿಸಿದೆ. ಕಾದೆ.
ಬ್ರೇಕಿನ ಸುರುಳಿಯನ್ನು ರಿಲೇ ಬಿಟ್ಟಾಗ
ನೀಲಿ.
ಗೋಧಿಕಾಳಿನಷ್ಟು.
ಹಿಡಿಯುವಾಗ ಇಷ್ಟಿಲ್ಲ, ಬಿಡುವಾಗಲೇ ಈ ರಂಪ.
ಬೆಳ್ಳಿಯ ಮೊನೆ ಹುಳುಕು ಹಲ್ಲಾಗಿದೆ:
ಒಂದರಲ್ಲಿ ಗುಳಿ, ಎದುರಿನದರಲ್ಲಿ
ಆ ಗುಳಿಯಿಂದ ಹೊತ್ತು ತಂದ ಗುಡ್ಡ.

ಅನ್ಝೋರ್ ಹೇಳುತ್ತಿದ್ದ, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ:
ಸುರುಳಿಗೆ ಮರೆವು ನಿಧಾನ, ಮಗಳೇ.
ಹರಿಯುತ್ತಿದ್ದವನು ಹರಿದೇ ತೀರುತ್ತೇನೆ ಅನ್ನುತ್ತದೆ.
ನೀನು ಫಟಾರನೆ ಬಾಗಿಲು ಹಾಕಿದರೆ
ನೂರಹತ್ತು ವೋಲ್ಟಿನ ಸಾಧುಪ್ರಾಣಿ
ಒಂದು ಗಳಿಗೆ ಸಾವಿರವಾಗಿ
ಗಾಳಿಯನ್ನೇ ಸೀಳಿಕೊಂಡು ದಾಟುತ್ತದೆ,
ಆ ಸೀಳು ಕೇರಿಯ ರೇಡಿಯೊಗಳಿಗೆಲ್ಲ ಕೇಳುತ್ತದೆ.
ಬೈಯಬೇಡ. ದಾರಿ ಕೊಡು.

ಕೊಟ್ಟೆ. ಸುರುಳಿಯ ಎರಡು ತುದಿಗೆ ಅಡ್ಡಲಾಗಿ ಒಂದು ಡಯೋಡು,
ಪಟ್ಟೆಯಿರುವ ಕಡೆ ಪ್ಲಸ್ಸಿಗೆ.
ಮೊದಲ ವರ್ಷ ಅದನ್ನೇ ತಿರುಗಾಮುರುಗಾ ಹಾಕಿ, ಫ್ಯೂಸು ಸುಟ್ಟು,
ಒಂದು ಮದುವೆಯ ದಿಬ್ಬಣವನ್ನು ಮೆಟ್ಟಿಲು ಹತ್ತಿಸಿದವಳು ನಾನು.
ಈ ಸಲ ಕಿಡಿಯಿಲ್ಲ.
ಕತ್ತಲೆ ಕತ್ತಲೆಯಾಗಿಯೇ ಉಳಿಯಿತು,
ಕೆಳಗಿನಿಂದ ಹಾಡು ಗೀರಿಲ್ಲದೆ ಬಂತು.
ಇಯಾಮ್ಜೆ ನನ್ನ ಜೇಬಿಗೆ ಎರಡು ಹಿಡಿ ವಾಲ್‌ನಟ್ ತುರುಕಿದಳು.

ಬೆಳಿಗ್ಗೆ ಏಳಕ್ಕೆ ಫೋನು.
ನಾಲ್ಕನೆಯ ಮಹಡಿಯ ಎಥೇರಿ ಎಡವಿದ್ದಾಳೆ,
ಲಿಫ್ಟು ನೆಲಕ್ಕಿಂತ ನಾಲ್ಕು ಬೆರಳು ಕೆಳಗೆ ನಿಂತಿದೆ,
ಚೀಲದ ಟೊಮೆಟೊ ಅಂಕೆಯಿಲ್ಲದೆ ಉರುಳಿವೆ.
ಮಂಡಿ ತರಚಿದ್ದು ಬಿಟ್ಟು ಟೊಮೆಟೊದ್ದೇ ಹೇಳುತ್ತಿದ್ದಳು.

ಬಸ್ಸಿನಲ್ಲೇ ಹೊಳೆಯಿತು.
ಸುಖದ ದಾರಿ ಸಿಕ್ಕ ಸುರುಳಿ ಹೊರಡಲೊಲ್ಲದು;
ಡಯೋಡಿನೊಳಗೆ ಸುತ್ತಿ, ಮತ್ತೆ ಸುತ್ತಿ,
ತನ್ನ ಹಳೆಯ ಬಲವನ್ನೇ ಚೀಪುತ್ತಾ ಕೂತಿರುತ್ತದೆ.
ಬ್ರೇಕು ಬೀಳುವುದು ರೆಪ್ಪೆ ಬಡಿಯುವಷ್ಟು ತಡ.
ರೆಪ್ಪೆ ಬಡಿಯುವಷ್ಟು ಅಂದರೆ
ನಾಲ್ಕು ಬೆರಳು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರೆ.
ಇಲ್ಲಿ ಹಾವು ಸಾಯುವುದೂ ಬೇಕಿಲ್ಲ,
ಬೇಗ ಮನೆಯಿಂದ ಹೊರಗೆ ಹೋದರೆ ಸಾಕು.
ಡಯೋಡಿನ ಬೆನ್ನಿಗೆ ಒಂದು ರೆಸಿಸ್ಟರು ಬೆಸೆದೆ:
ದಾರಿ ಇದೆ, ದಾರಿಯಲ್ಲಿ ಮುಳ್ಳೂ ಇದೆ,
ನಡೆ, ಕೂರಬೇಡ.
ನೂರು ಓಮ್, ಇನ್ನೂ ಎರಡು ಬೆರಳು.
ಮುನ್ನೂರು. ನೆಲಕ್ಕೆ ನೆಲ ಸರಿ.
ಮತ್ತೆ ದೀಪ ಆರಿಸಿದೆ.
ಇತ್ತು.
ಸೂಜಿಮೊನೆಯಷ್ಟು ನೀಲಿ.

ಇಯಾಮ್ಜೆ ಕಿವಿಗೊಟ್ಟು ಕೇಳಿದಳು. ಪೂರ್ತಿ ಹೋಗಿಲ್ಲ, ಅಂದಳು.
ಹೋಗಿಲ್ಲ, ಅಂದೆ.
ಇನ್ನೊಂದು ಹಾಡು ಮುಗಿಯುವವರೆಗೆ ಸುಮ್ಮನಿದ್ದಳು.
ಈಗ ಕಚ್ಚುವುದಿಲ್ಲ ಬಿಡು;
ಪಕ್ಕದ ಕೋಣೆಯಲ್ಲಿ ಯಾರೋ ದಾರ ಕಡಿದ ಹಾಗಿದೆ.

ಇಳಿಯಲು ನಾನೂ ಹತ್ತು ತೆತ್ರಿ ಹಾಕಿದೆ.
ಬಾಗಿಲು ತೆರೆಯಿತು, ಹೊಸ್ತಿಲಿಗೆ ಹೊಸ್ತಿಲು.
ಮೇಲೆ, ಮೂರನೆಯ ದನಿಯ ಅಂಚಿನಲ್ಲಿ,
ನಾನು ತಲುಪಿದ್ದು ಆಕೆಗೆ ಗೊತ್ತಾಗಿರಬೇಕು.
ಕೆಳಗಿನ ಗುಂಡಿಯಲ್ಲಿ, ಟಾರ್ಚಿನ ಬೆಳಕಿಗೆ,
ಎಥೇರಿಯ ಒಂದು ಟೊಮೆಟೊ.